ಮುಂದಿನ ಹಲ್ಲುಗಳನ್ನಷ್ಟೇ ನೇರ ಮಾಡಿಸಿದರೆ ಸಾಕೇ? ಓದುಗರ ಪ್ರಶ್ನೆ, ದಂತವೈದ್ಯರ ಉತ್ತರ

ಹಲ್ಲಿಗೆ ಕ್ಲಿಪ್ ಹಾಕಿಸುವ ವಿಚಾರವಾಗಿ ಕೊಡಗಿನಿಂದ ಬಂದಿರುವ ಪತ್ರಗಳಲ್ಲಿ ನಾಲ್ಕನ್ನು ಈ ಬಾರಿ ಆರಿಸಿಕೊಂಡಿದ್ದೇನೆ. ನಾಲ್ಕೂ ಪತ್ರಗಳಲ್ಲಿ ಇರುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. ಆದರೆ ಬರೆದವರ ವಯಸ್ಸು ಮತ್ತು ಬಾಯಿಯ ಸ್ಥಿತಿ ಬೇರೆ ಬೇರೆಯಾದ್ದರಿಂದ ಉತ್ತರಗಳೂ ಬೇರೆಯಾಗಿವೆ.

ಪ್ರಶ್ನೆ: ನನಗೆ 27 ವರ್ಷ. ಮೇಲಿನ ಎರಡು ಮುಂದಿನ ಹಲ್ಲುಗಳು ಸ್ವಲ್ಪ ಒಂದರ ಮೇಲೊಂದು ಏರಿಕೊಂಡಿವೆ, ಕೆಳಗಿನವು ತುಸು ಒತ್ತಾಗಿವೆ. ಅಗಿಯಲು ತೊಂದರೆಯಿಲ್ಲ. ನಮ್ಮೂರಿನ ದಂತವೈದ್ಯರು ಮುಂದಿನ ಆರು ಹಲ್ಲುಗಳಿಗೆ ಮಾತ್ರ ಕ್ಲಿಪ್ ಹಾಕಿದರೆ ಆರರಿಂದ ಎಂಟು ತಿಂಗಳಲ್ಲಿ ಸರಿಯಾಗುತ್ತದೆ ಎಂದರು. ಮೈಸೂರಿನಲ್ಲಿ ತೋರಿಸಿದಾಗ ಎಲ್ಲ ಹಲ್ಲುಗಳಿಗೂ ಹಾಕಬೇಕು, ಎರಡು ವರ್ಷ ಬೇಕು ಎಂದರು. ಮುಂದಿನ ಏಪ್ರಿಲ್‌ನಲ್ಲಿ ಮದುವೆ ಗೊತ್ತಾಗಿದೆ. ಯಾರ ಮಾತನ್ನು ನಂಬಲಿ ಡಾಕ್ಟರೇ?
– ಓದುಗರು, ಗೋಣಿಕೊಪ್ಪ

ಉತ್ತರ: ಇಬ್ಬರಲ್ಲಿ ಒಬ್ಬರು ತಪ್ಪು ಹೇಳಿದ್ದಾರೆ ಎಂದು ಈಗಲೇ ತೀರ್ಮಾನಿಸಬೇಡಿ. ನಿಮಗೆ ಕಾಣುತ್ತಿರುವ ಓರೆಯನ್ನು ಸರಿಪಡಿಸುವುದು ಹೇಗೆ ಎಂದು ಒಬ್ಬರು ಹೇಳಿರಬಹುದು, ಬಾಯಿಯಲ್ಲಿರುವ ಎಲ್ಲ ಹಲ್ಲುಗಳ ಜೋಡಣೆಯನ್ನೂ ಸರಿಪಡಿಸುವುದು ಹೇಗೆ ಎಂದು ಇನ್ನೊಬ್ಬರು ಹೇಳಿರಬಹುದು. ಎರಡೂ ಮಾನ್ಯವಾದ ಚಿಕಿತ್ಸೆಗಳೇ. ಮುಂದಿನ ಹಲ್ಲುಗಳಿಗಷ್ಟೇ ಮಾಡುವ ಸೀಮಿತ ಚಿಕಿತ್ಸೆಯನ್ನು ಪೂರ್ಣ ಚಿಕಿತ್ಸೆಯ ಅಗ್ಗದ ರೂಪವೆಂದು ನೋಡುವವರಿದ್ದಾರೆ. ನನಗೆ ಆ ಅಭಿಪ್ರಾಯ ಒಪ್ಪಿಗೆಯಿಲ್ಲ. ಸರಿಯಾದ ಬಾಯಿಗೆ ಮಾಡಿದಾಗ ಅದು ತನ್ನಷ್ಟಕ್ಕೆ ಸಂಪೂರ್ಣವಾದ ಚಿಕಿತ್ಸೆ, ತಪ್ಪಾದ ಬಾಯಿಗೆ ಮಾಡಿದಾಗ ಮಾತ್ರ ಅರ್ಧಂಬರ್ಧ ಕೆಲಸವಾಗುತ್ತದೆ. ನಿಮ್ಮದು ಯಾವ ಬಗೆಯ ಬಾಯಿ ಎಂಬುದನ್ನು ಪತ್ರ ಓದಿ ಹೇಳಲು ಬರುವುದಿಲ್ಲ. ಆದರೆ ಅದನ್ನು ತಿಳಿದುಕೊಳ್ಳಲು ವೈದ್ಯರನ್ನು ಏನು ಕೇಳಬೇಕು ಎಂಬುದನ್ನು ಹೇಳಬಲ್ಲೆ.

ಎಷ್ಟು ತಿಂಗಳು ಬೇಕು ಎಂದು ಕೇಳುವುದಕ್ಕೆ ಮೊದಲು, ಹಲ್ಲುಗಳು ಸಾಲಾಗಿ ನಿಲ್ಲಲು ಜಾಗ ಎಲ್ಲಿಂದ ಬರುತ್ತದೆ ಎಂದು ಕೇಳಿ. ಹಲ್ಲುಗಳು ಒಂದರ ಮೇಲೊಂದು ಏರಿರುವುದಕ್ಕೆ ಅಲ್ಲಿ ಜಾಗ ಸಾಲದಿರುವುದೇ ಕಾರಣ, ಮತ್ತು ತಂತಿ ತಾನಾಗಿ ಜಾಗವನ್ನು ಸೃಷ್ಟಿಸುವುದಿಲ್ಲ. ಕೊರತೆ ಎಷ್ಟು ಮಿಲಿಮೀಟರ್ ಎಂಬುದನ್ನು ವೈದ್ಯರು ಅಚ್ಚು ತೆಗೆದೋ ಸ್ಕ್ಯಾನ್ ಮಾಡಿಯೋ ಅಳೆಯುತ್ತಾರೆ. ಮೂರು ನಾಲ್ಕು ಮಿಲಿಮೀಟರಿನೊಳಗಿನ ಕೊರತೆಯನ್ನು ಸಾಮಾನ್ಯವಾಗಿ ಸೀಮಿತ ಚಿಕಿತ್ಸೆಯಲ್ಲಿ ತುಂಬಿಕೊಳ್ಳಬಹುದು, ಅದಕ್ಕೆ ಇರುವ ದಾರಿಗಳು ಮುಖ್ಯವಾಗಿ ಎರಡು. ಒಂದು, ಹಲ್ಲುಗಳು ಪರಸ್ಪರ ತಾಗುವ ಪಕ್ಕದ ಮೈಯನ್ನು ಬಹಳ ತೆಳುವಾಗಿ ಉಜ್ಜುವುದು. ಒಂದು ಸಂದಿನಲ್ಲಿ ಒಟ್ಟು 0.2ರಿಂದ 0.5 ಮಿಲಿಮೀಟರಿನಷ್ಟು ಎನಾಮಲ್, ಅಂದರೆ ಹಲ್ಲಿನ ಗಟ್ಟಿಯಾದ ಹೊರಪದರವನ್ನು, ತೆಗೆಯುತ್ತಾರೆ. ಒಂದು ಕೋರೆಹಲ್ಲಿನಿಂದ ಇನ್ನೊಂದು ಕೋರೆಹಲ್ಲಿನವರೆಗೆ ಐದು ಸಂದುಗಳಿವೆ. ಪ್ರತಿಯೊಂದರಲ್ಲಿ 0.4 ಮಿಲಿಮೀಟರ್ ತೆಗೆದರೆ ಎರಡು ಮಿಲಿಮೀಟರ್ ಜಾಗ ಸಿಕ್ಕಿತು. ಎರಡನೆಯ ದಾರಿಯೆಂದರೆ ಹಲ್ಲುಗಳನ್ನು ತುಸು ಮುಂದಕ್ಕೆ ಬಾಗಿಸುವುದು. ಬಾಚಿಹಲ್ಲುಗಳು ಒಂದು ಮಿಲಿಮೀಟರ್ ಮುಂದೆ ಸರಿದರೆ ಸಾಲಿನಲ್ಲಿ ಸುಮಾರು ಎರಡು ಮಿಲಿಮೀಟರ್ ಜಾಗ ಒದಗುತ್ತದೆ ಎಂಬುದು ನಮ್ಮ ವೃತ್ತಿಯ ಸಾಮಾನ್ಯ ಲೆಕ್ಕ.

ಈ ಎರಡಕ್ಕೂ ಮಿತಿಯಿದೆ. ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಮಿತಿಯೊಳಗೆ ಉಜ್ಜಿ, ಆ ಮೈಯನ್ನು ಚೆನ್ನಾಗಿ ನಯಗೊಳಿಸಿದರೆ ಹುಳುಕಿನ ಅಪಾಯ ಹೆಚ್ಚುವುದಿಲ್ಲ ಎಂಬುದು ಇದುವರೆಗಿನ ಅಧ್ಯಯನಗಳಿಂದ ತಿಳಿದಿದೆ. ಆದ್ದರಿಂದ ಉಜ್ಜುವಿಕೆ ಎಂಬ ಮಾತು ಕೇಳಿ ಗಾಬರಿಯಾಗಬೇಕಿಲ್ಲ, ಆದರೆ ಎಷ್ಟು ಉಜ್ಜುತ್ತಾರೆ ಎಂಬುದನ್ನು ಮೊದಲೇ ತಿಳಿದಿರಬೇಕು. ಮುಂದಕ್ಕೆ ಬಾಗಿಸುವುದರಲ್ಲಿ ನನಗೆ ಹೆಚ್ಚು ಎಚ್ಚರಿಕೆ ಬೇಕೆನಿಸುತ್ತದೆ. ಕೆಳಗಿನ ಬಾಚಿಹಲ್ಲುಗಳ ಮುಂಭಾಗದ ಮೂಳೆ ಬಹಳ ತೆಳು. ವಸಡೂ ತೆಳುವಾಗಿರುವವರಲ್ಲಿ ಆ ಹಲ್ಲುಗಳನ್ನು ಅತಿಯಾಗಿ ಮುಂದೆ ತಳ್ಳಿದರೆ ವಸಡು ಕೆಳಗಿಳಿದು ಬೇರು ಕಾಣತೊಡಗಬಹುದು. ತುಟಿ ಈಗಾಗಲೇ ಮುಂದಿದ್ದರೆ ಅದು ಇನ್ನಷ್ಟು ಮುಂದೆ ಬಂದಂತೆ ಕಾಣಿಸಬಹುದು. ಕೊರತೆ ಆರೇಳು ಮಿಲಿಮೀಟರಿಗೆ ಹೋದರೆ ಈ ಎರಡು ದಾರಿಗಳು ಸಾಲುವುದಿಲ್ಲ. ಆಗ ಬೇರೆ ಹಲ್ಲು ತೆಗೆಯುವ ಅಥವಾ ಇಡೀ ಸಾಲನ್ನು ಹಿಂದಕ್ಕೋ ಅಗಲಕ್ಕೋ ಒಯ್ಯುವ ಪೂರ್ಣ ಚಿಕಿತ್ಸೆಯೇ ಬೇಕಾಗುತ್ತದೆ.

ನಿಮ್ಮ ಪತ್ರದಲ್ಲಿ ನಾನು ಮತ್ತೆ ಮತ್ತೆ ಓದಿದ ಮಾತು, ಕೆಳಗಿನ ಹಲ್ಲುಗಳೂ ಒತ್ತಾಗಿವೆ ಎಂಬುದು. ಮೇಲಿನ ಮುಂದಿನ ಹಲ್ಲುಗಳ ಒಳಮೈಗೆ ಕೆಳಗಿನವು ತಾಗಿಕೊಂಡೇ ಇರುವುದರಿಂದ, ಮೇಲಿನದನ್ನು ಒಳಕ್ಕೆ ತರಬೇಕಾದರೆ ಕೆಳಗಿನದು ದಾರಿ ಬಿಡಬೇಕು. ಹಾಗಾಗಿ ಕಾಣುವುದು ಮೇಲಿನವಾದರೂ ಎಷ್ಟೋ ಸಲ ಕೆಳಗಿನ ಸಾಲಿಗೂ ತಂತಿ ಹಾಕಬೇಕಾಗುತ್ತದೆ. ಮೇಲಿನದಕ್ಕೆ ಮಾತ್ರ ಹಾಕಿದರೆ ಕೆಳಗಿನ ಹಲ್ಲು ಎಲ್ಲಿ ತಾಗುತ್ತದೆ ಎಂದು ನಿಮ್ಮೂರಿನ ವೈದ್ಯರನ್ನು ಕೇಳಿ.

ಮೈಸೂರಿನ ವೈದ್ಯರನ್ನು ಕೇಳಬೇಕಾದ್ದು ಬೇರೆ. ಹಿಂದಿನ ಹಲ್ಲುಗಳನ್ನು ಈಗಿರುವಂತೆಯೇ ಬಿಟ್ಟರೆ ನನಗೆ ಆಗುವ ತೊಂದರೆ ಏನು ಎಂದು ನೇರವಾಗಿ ಕೇಳಿ. ಒಂದು ಬದಿಯ ದವಡೆಹಲ್ಲುಗಳು ಅಡ್ಡಸಾಲಾಗಿ (ಮೇಲಿನವು ಕೆಳಗಿನವುಗಳ ಒಳಬದಿಗೆ ಬೀಳುವಂತೆ) ಕೂಡುತ್ತವೆ, ಬಾಯಿ ಮುಚ್ಚುವಾಗ ಒಂದು ಹಲ್ಲು ಮೊದಲೇ ತಗುಲಿ ದವಡೆ ಪಕ್ಕಕ್ಕೆ ಜಾರುತ್ತದೆ, ಕೆಳಗಿನ ಬಾಚಿಹಲ್ಲುಗಳು ಮೇಲಿನ ವಸಡನ್ನು ಚುಚ್ಚುತ್ತಿವೆ ಎಂಬಂಥ ಉತ್ತರ ಬಂದರೆ ಎರಡು ವರ್ಷವಾದರೂ ಪೂರ್ಣ ಚಿಕಿತ್ಸೆಯನ್ನೇ ಆರಿಸಿಕೊಳ್ಳಿ, ಏಕೆಂದರೆ ಅಂಥ ಬಾಯಿಯಲ್ಲಿ ಮುಂದಿನ ಹಲ್ಲುಗಳನ್ನಷ್ಟೇ ನೇರ ಮಾಡಿದರೆ ಅವು ನಿಲ್ಲುವುದೂ ಕಷ್ಟ. ಬದಲಾಗಿ, ಮೇಲಿನ ಮೊದಲ ದವಡೆಹಲ್ಲು ಇರಬೇಕಾದ ಜಾಗಕ್ಕಿಂತ ಸ್ವಲ್ಪ ಮುಂದಿದೆ ಎಂಬಷ್ಟೇ ಉತ್ತರ ಬಂದರೆ ಆಯ್ಕೆ ನಿಮ್ಮದು. ಅಮೆರಿಕದ ಎಡ್ವರ್ಡ್ ಆಂಗಲ್ ಎಂಬ ವೈದ್ಯರು 1899ರಲ್ಲಿ ಆ ಮೊದಲ ದವಡೆಹಲ್ಲುಗಳ ಕೂಡಿಕೆಯನ್ನೇ ಆಧಾರವಾಗಿಟ್ಟುಕೊಂಡು ಮಾಡಿದ ವರ್ಗೀಕರಣವನ್ನು ನಾವು ಇಂದಿಗೂ ಬಳಸುತ್ತೇವೆ. ಅದು ರೋಗನಿರ್ಣಯಕ್ಕೆ ಬೇಕು. ಆದರೆ ಆ ಮಾದರಿಗೆ ಸರಿಹೊಂದದ ಹಲ್ಲುಗಳಿಂದಲೇ ಜೀವಮಾನವಿಡೀ ಚೆನ್ನಾಗಿ ಅಗಿದು ತಿನ್ನುವವರು ನಮ್ಮ ನಡುವೆ ಬೇಕಾದಷ್ಟು ಮಂದಿ ಇದ್ದಾರೆ.

ಇಬ್ಬರಲ್ಲಿ ಯಾರೇ ಆಗಲಿ, ಎಕ್ಸ್‌ರೇ ತೆಗೆಯದೆ, ವಸಡಿನ ಆಳವನ್ನು ಅಳೆಯದೆ ತಿಂಗಳುಗಳ ಲೆಕ್ಕ ಹೇಳಿದ್ದರೆ ಆ ಲೆಕ್ಕವನ್ನು ನಂಬಬೇಡಿ. ಹಲ್ಲು ಸರಿಯುವುದು ಮೂಳೆಯೊಳಗೆ. ಬೇರಿಗೂ ಮೂಳೆಗೂ ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ಒಂದು ನಾರಿನ ಪದರವಿದೆ. ತಂತಿಯ ಒತ್ತಡ ಬಿದ್ದ ಬದಿಯಲ್ಲಿ ಮೂಳೆ ಕರಗಿ, ಎಳೆತ ಬಿದ್ದ ಬದಿಯಲ್ಲಿ ಹೊಸ ಮೂಳೆ ಕಟ್ಟಿಕೊಳ್ಳುತ್ತದೆ. ತಿಂಗಳಿಗೆ ಸುಮಾರು ಒಂದು ಮಿಲಿಮೀಟರ್ ಈ ಕೆಲಸದ ಸಹಜವಾದ ವೇಗ. ಹೆಚ್ಚು ಬಲ ಹಾಕಿದರೆ ಬೇಗ ಸರಿಯುತ್ತದೆ ಎಂಬುದು ನಿಜವಲ್ಲ, ನೋವೂ ಬೇರಿನ ತುದಿ ಸವೆಯುವ ಅಪಾಯವೂ ಹೆಚ್ಚುತ್ತವೆ.

ಮದುವೆಯ ವಿಚಾರಕ್ಕೆ ಬರುತ್ತೇನೆ. ಏಪ್ರಿಲ್‌ಗೆ ಮೊದಲು ಕನಿಷ್ಠ ಎಂಟು ತಿಂಗಳು ಕೈಯಲ್ಲಿದ್ದರೆ, ಜಾಗದ ಲೆಕ್ಕ ಸರಿಹೊಂದಿದರೆ, ಸೀಮಿತ ಚಿಕಿತ್ಸೆಯನ್ನು ಮುಗಿಸಿಕೊಳ್ಳಲು ಸಾಧ್ಯ. ಅಷ್ಟು ಕಾಲವಿಲ್ಲದಿದ್ದರೆ ಮದುವೆ ಮುಗಿದ ಮೇಲೆ ಆರಂಭಿಸಿ. ಫೋಟೋಗಾಗಿ ಗಟ್ಟಿಮುಟ್ಟಾದ ಹಲ್ಲುಗಳನ್ನು ಅರೆದು ಕ್ಯಾಪ್ ಹಾಕಿಸಿಕೊಳ್ಳುವ ಸಲಹೆಯನ್ನು ಯಾರಾದರೂ ಕೊಟ್ಟರೆ ದಯವಿಟ್ಟು ಒಪ್ಪಬೇಡಿ. ಕ್ಯಾಪಿಗಾಗಿ ಹಲ್ಲಿನ ಸುತ್ತಲೂ ಅರೆಯುವ ಪ್ರಮಾಣ ಮೇಲೆ ಹೇಳಿದ ಉಜ್ಜುವಿಕೆಗಿಂತ ಎಷ್ಟೋ ಹೆಚ್ಚು. ಆ ಕ್ಯಾಪನ್ನು ಜೀವಮಾನದಲ್ಲಿ ಹಲವು ಬಾರಿ ಬದಲಾಯಿಸಬೇಕಾಗುತ್ತದೆ, ಒಳಗಿನ ನರ ಸತ್ತು ಬೇರಿನ ಚಿಕಿತ್ಸೆ ಬೇಕಾಗುವುದೂ ಉಂಟು. ಇನ್ನೊಂದು ವಿಷಯವನ್ನು ಮೊದಲೇ ತಿಳಿದಿರಿ. ಏರಿಕೊಂಡಿದ್ದ ಹಲ್ಲುಗಳು ಬೇರೆಯಾಗಿ ನಿಂತಾಗ ಅವುಗಳ ನಡುವೆ, ವಸಡಿನ ಹತ್ತಿರ, ಒಂದು ಸಣ್ಣ ಕಪ್ಪು ತ್ರಿಕೋನ ಕಾಣಿಸಿಕೊಳ್ಳಬಹುದು. ದೊಡ್ಡವರಲ್ಲಿ ಇದು ಸಾಮಾನ್ಯ. ಪಕ್ಕದ ಮೈಯನ್ನು ಉಜ್ಜಿ ಹಲ್ಲುಗಳನ್ನು ಹತ್ತಿರ ತಂದರೆ ಅದು ಬಹುಮಟ್ಟಿಗೆ ಕಿರಿದಾಗುತ್ತದೆ. ಮದುವೆಗೆ ಒಂದು ತಿಂಗಳಿರುವಾಗ ಅದನ್ನು ಮೊದಲ ಸಲ ಕನ್ನಡಿಯಲ್ಲಿ ಕಂಡು ನೊಂದುಕೊಳ್ಳುವಂತಾಗಬಾರದು ಎಂದು ಈಗಲೇ ಹೇಳುತ್ತಿದ್ದೇನೆ.

ಕ್ಲಿಪ್ ಇರುವಾಗ, ತಂತಿ ಹಿಡಿಯಲು ಹಲ್ಲಿಗೆ ಅಂಟಿಸುವ ಬ್ರಾಕೆಟ್ಟಿನ ಸುತ್ತ ಬ್ರಷ್ ಸರಿಯಾಗಿ ಆಡದಿದ್ದರೆ ಕೆಲವೇ ವಾರಗಳಲ್ಲಿ ಎನಾಮಲ್ ಮೇಲೆ ಬಿಳಿ ಕಲೆ ಏಳುತ್ತದೆ, ಅದು ಪೂರ್ತಿ ಮಾಯುವುದು ಅಪರೂಪ. ಹುತ್ತರಿಯ ಕಬ್ಬನ್ನು ಈ ವರ್ಷ ಹಲ್ಲಿನಿಂದ ಸಿಗಿಯದೆ, ಸಣ್ಣ ತುಂಡು ಮಾಡಿಸಿಕೊಂಡು ಹಿಂದಿನ ಹಲ್ಲಿನಲ್ಲಿ ಅಗಿಯಿರಿ. ಮುಂದಿನ ಹಲ್ಲಿನಲ್ಲಿ ಕಚ್ಚಿದರೆ ಬ್ರಾಕೆಟ್ ಕಿತ್ತುಬರುವುದು ಬಹುತೇಕ ಖಚಿತ, ಒಂದು ಬ್ರಾಕೆಟ್ ಕಿತ್ತರೆ ಹಲವು ವಾರಗಳ ಕೆಲಸ ಹಿಂದೆ ಬೀಳಬಹುದು.

ಪ್ರಶ್ನೆ: ನನ್ನ ಮಗನಿಗೆ 12 ವರ್ಷ. ಮೇಲಿನ ಹಲ್ಲುಗಳು ಉಬ್ಬಿವೆ, ತುಟಿ ಮುಚ್ಚುವುದಿಲ್ಲ. ಶಾಲೆಯಲ್ಲಿ ಮಕ್ಕಳು ಗೇಲಿ ಮಾಡುತ್ತಾರೆಂದು ಅಳುತ್ತಾನೆ. ಮುಂದಿನ ನಾಲ್ಕು ಹಲ್ಲುಗಳಿಗೆ ಮಾತ್ರ ಕ್ಲಿಪ್ ಹಾಕಿಸಿ ಒಳಗೆ ತರಲು ಆಗುವುದಿಲ್ಲವೇ? ಖರ್ಚೂ ಕಡಿಮೆಯಾಗುತ್ತದೆ.
– ತಂದೆ, ಸೋಮವಾರಪೇಟೆ

ಉತ್ತರ: ನಿಮ್ಮ ಮಗನಿಗೆ ಈ ಸೀಮಿತ ಚಿಕಿತ್ಸೆ ಬೇಡ. ಉಬ್ಬಿದ ಹಲ್ಲುಗಳು ಹಿಂದೆ ಹೋಗಲು ಹಿಂದೆ ಜಾಗವಿರಬೇಕು, ಅವುಗಳನ್ನು ಎಳೆಯಲು ಹಿಂದಿನ ದವಡೆಹಲ್ಲುಗಳ ಆಸರೆಯೂ ಬೇಕು. ನಾಲ್ಕು ಹಲ್ಲುಗಳಿಗೆ ಮಾತ್ರ ತಂತಿ ಕಟ್ಟಿದರೆ ಅವು ಪರಸ್ಪರ ಸಾಲಾಗುತ್ತವೆಯೇ ಹೊರತು ಒಳಗೆ ಬರುವುದಿಲ್ಲ, ಸಾಲಾಗುವ ಭರದಲ್ಲಿ ಇನ್ನೂ ಮುಂದೆ ಬರುವ ಸಂಭವವೇ ಹೆಚ್ಚು. ಅಲ್ಲದೆ ತುಟಿ ಮುಚ್ಚದಷ್ಟು ಉಬ್ಬಿದ್ದರೆ ತೊಂದರೆ ಹಲ್ಲಿನದೇ, ಕೆಳದವಡೆ ಹಿಂದುಳಿದಿರುವುದೇ ಎಂಬುದನ್ನು ಮೊದಲು ನೋಡಬೇಕು. ಕೆಳದವಡೆಯ ಹಿಂದುಳಿಕೆಯಾದರೆ ನಿಮ್ಮ ಮಗನ ವಯಸ್ಸು ಒಂದು ವರವೇ ಸರಿ. ಬೆಳವಣಿಗೆಯ ವೇಗ ಹೆಚ್ಚಿರುವ ಈ ವರ್ಷಗಳಲ್ಲಿ, ಬಾಯಿಯಲ್ಲಿ ಇಟ್ಟು ತೆಗೆಯುವ ಅಥವಾ ಅಂಟಿಸುವ ಸಾಧನಗಳಿಂದ ದವಡೆಗಳ ಹೊಂದಾಣಿಕೆಯನ್ನು ಬಹಳಷ್ಟು ಸುಧಾರಿಸಬಹುದು. ಬೆಳವಣಿಗೆ ನಿಂತ ಮೇಲೆ ಅದೇ ಕೆಲಸಕ್ಕೆ ಹಲ್ಲು ತೆಗೆಯುವುದೋ ಕೆಲವರಲ್ಲಿ ಶಸ್ತ್ರಚಿಕಿತ್ಸೆಯೋ ಬೇಕಾಗುತ್ತದೆ. ಉಬ್ಬಿದ ಹಲ್ಲುಗಳು ಬಿದ್ದಾಗ, ಆಟವಾಡುವಾಗ ಮುರಿಯುವ ಅಪಾಯವೂ ಹೆಚ್ಚು. ಹಾಕಿ ಸ್ಟಿಕ್ಕು ಹಿಡಿಯದ ಮಗು ಕೊಡಗಿನಲ್ಲಿ ಅಪರೂಪವಾದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಚಿಕಿತ್ಸೆ ಮುಗಿಯುವವರೆಗೆ ಮೈದಾನದಲ್ಲಿ ಮೌತ್‌ಗಾರ್ಡ್ ಹಾಕಿಸಿ.

ಮಕ್ಕಳಲ್ಲಿ ಮುಂದಿನ ಹಲ್ಲಿಗಷ್ಟೇ ಚಿಕಿತ್ಸೆ ಮಾಡುವುದು ಸರಿಯಾಗಿರುವ ಸಂದರ್ಭವೂ ಇದೆ. ಎಂಟು ಒಂಬತ್ತು ವರ್ಷದ ಮಗುವಿನ ಮೇಲಿನ ಒಂದು ಬಾಚಿಹಲ್ಲು ಕೆಳಗಿನ ಹಲ್ಲಿನ ಹಿಂದೆ ಸಿಕ್ಕಿಕೊಂಡಿದ್ದರೆ ಅದನ್ನು ಕೂಡಲೇ ಹೊರತರಬೇಕು, ಇಲ್ಲದಿದ್ದರೆ ಕೆಳಗಿನ ಹಲ್ಲಿನ ವಸಡು ಸವೆಯುತ್ತದೆ. ನಿಮ್ಮ ಮಗನ ಸಮಸ್ಯೆ ಅದಲ್ಲ.

ಖರ್ಚಿನ ಚಿಂತೆ ನನಗೆ ಅರ್ಥವಾಗುತ್ತದೆ. ವಿರಾಜಪೇಟೆಯಲ್ಲಿಯೂ ಘಟ್ಟದ ಕೆಳಗೆ ಸುಳ್ಯದಲ್ಲಿಯೂ ದಂತ ವೈದ್ಯಕೀಯ ಕಾಲೇಜುಗಳಿವೆ. ಇಂಥ ಕಾಲೇಜುಗಳ ವಕ್ರದಂತ ವಿಭಾಗದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಚಿಕಿತ್ಸೆ ಮಾಡುತ್ತಾರೆ, ಶುಲ್ಕ ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್ಕಿಗಿಂತ ಕಡಿಮೆಯಿರುತ್ತದೆ. ಪ್ರತಿ ತಿಂಗಳೂ ಹೋಗಿಬರುವ ಬಸ್ಸಿನ ಖರ್ಚನ್ನೂ ತಪ್ಪುವ ಶಾಲೆಯನ್ನೂ ಲೆಕ್ಕ ಹಾಕಿ, ಹತ್ತಿರದ ಸ್ಥಳವನ್ನು ಆರಿಸಿ. ಅರ್ಧದಲ್ಲಿ ನಿಂತುಹೋಗುವ ಚಿಕಿತ್ಸೆ ಆರಂಭಿಸದಿರುವುದಕ್ಕಿಂತ ಕೆಟ್ಟದ್ದು. ಮಗನಿಗೆ, ಇದು ಸರಿಹೋಗುವ ತೊಂದರೆ ಎಂಬ ಮಾತನ್ನು ವೈದ್ಯರ ಬಾಯಿಂದಲೇ ಹೇಳಿಸಿ.

ಪ್ರಶ್ನೆ: ವಯಸ್ಸು 48. ಸಾಲಾಗಿದ್ದ ಕೆಳಗಿನ ಮುಂದಿನ ಹಲ್ಲುಗಳು ಎರಡು ಮೂರು ವರ್ಷಗಳಿಂದ ಬೀಸಣಿಗೆಯಂತೆ ಬಿಡಿಸಿಕೊಂಡು ಸಂದಾಗಿವೆ. ಬ್ರಷ್ ಮಾಡುವಾಗ ರಕ್ತ ಬರುತ್ತದೆ. ಎಲೆಯಡಿಕೆ ಹಾಕುವ ಅಭ್ಯಾಸವಿದೆ. ಈ ವಯಸ್ಸಿನಲ್ಲಿ ಕ್ಲಿಪ್ ಹಾಕಿಸಬಹುದೇ?
– ಓದುಗರು, ನಾಪೋಕ್ಲು

ಉತ್ತರ: ವಯಸ್ಸು ಅಡ್ಡಿಯಲ್ಲ, ರಕ್ತ ಬರುತ್ತಿರುವುದು ಅಡ್ಡಿ. ಈ ವಯಸ್ಸಿನಲ್ಲಿ ಹಲ್ಲುಗಳು ತಾವಾಗಿ ಬಿಡಿಸಿಕೊಂಡಿವೆ ಎಂದರೆ ಅವುಗಳನ್ನು ಹಿಡಿದಿರುವ ಮೂಳೆ ವಸಡಿನ ರೋಗದಿಂದ ಕರಗಿರುವ ಸಾಧ್ಯತೆ ಹೆಚ್ಚು. ಉರಿಯೂತ ಇರುವಾಗಲೇ ತಂತಿ ಹಾಕಿದರೆ ಉಳಿದ ಮೂಳೆಯೂ ವೇಗವಾಗಿ ಹೋಗಿ, ನೇರ ಮಾಡಲು ಹೊರಟ ಹಲ್ಲನ್ನೇ ಕಳೆದುಕೊಳ್ಳಬೇಕಾಗುತ್ತದೆ. ಮೊದಲು ವಸಡಿನ ತಜ್ಞರಲ್ಲಿ ಬೇರಿನ ಆಳದವರೆಗೆ ಶುಚಿ ಮಾಡಿಸಿಕೊಳ್ಳಿ, ರಕ್ತದ ಸಕ್ಕರೆಯನ್ನೂ ಪರೀಕ್ಷಿಸಿಕೊಳ್ಳಿ. ಹತೋಟಿಯಲ್ಲಿಲ್ಲದ ಮಧುಮೇಹಕ್ಕೂ ವಸಡಿನ ರೋಗಕ್ಕೂ ಹತ್ತಿರದ ನಂಟಿದೆ. ಕೆಲವು ತಿಂಗಳು ರಕ್ತ ನಿಂತು ವಸಡು ಗಟ್ಟಿಯಾಗಿ ಉಳಿದದ್ದನ್ನು ನೋಡಿದ ಮೇಲೆ, ಬಹಳ ಹಗುರವಾದ ಬಲದಿಂದ ಮುಂದಿನ ಹಲ್ಲುಗಳನ್ನು ಒಟ್ಟುಗೂಡಿಸುವುದು ಸಾಧ್ಯ, ಮತ್ತು ಅಂಥವರಿಗೆ ಅದು ನಿಜವಾಗಿಯೂ ಉಪಕಾರಿ.

ಎಲೆಯಡಿಕೆಯ ಬಗ್ಗೆ ಹೇಳಲೇಬೇಕು. ಶುಭಕಾರ್ಯದಲ್ಲಿ ಎಲೆಯಡಿಕೆಯನ್ನು ಕೈಗೆ ಕೊಡುವ ಗೌರವಕ್ಕೆ ನನ್ನ ಆಕ್ಷೇಪವಿಲ್ಲ. ದಿನವೂ ಕೆನ್ನೆಯಲ್ಲಿಟ್ಟು ಜಗಿಯುವುದನ್ನು ಬಿಡಿ. ಹೊಗೆಸೊಪ್ಪು ಇಲ್ಲದಿದ್ದರೂ ಅಡಿಕೆಯೊಂದೇ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿಯೇ ಪ್ರಕಟಿಸಿದೆ. ಬಾಯಿ ಮೊದಲಿನಷ್ಟು ಅಗಲವಾಗಿ ತೆರೆಯುತ್ತಿಲ್ಲ, ಖಾರ ತಿಂದರೆ ಉರಿಯುತ್ತದೆ ಎಂದಾದರೆ ಹಲ್ಲಿನ ವಿಚಾರವನ್ನು ಬದಿಗಿಟ್ಟು ಈ ವಾರವೇ ಬಾಯಿಯನ್ನು ತೋರಿಸಿ.

ಪ್ರಶ್ನೆ: ಕಾಲೇಜಿನಲ್ಲಿದ್ದಾಗ ಪೂರ್ತಿ ಕ್ಲಿಪ್ ಹಾಕಿಸಿಕೊಂಡಿದ್ದೆ. ಹಲ್ಲುಗಳು ಮತ್ತೆ ಸರಿಯದಂತೆ ಹಿಡಿದಿಡಲು ಆಮೇಲೆ ಕೊಟ್ಟ ರಿಟೇನರನ್ನು ಒಂದು ವರ್ಷಕ್ಕೇ ಬಿಟ್ಟುಬಿಟ್ಟೆ. ಈಗ ಕೆಳಗಿನ ಮುಂದಿನ ಎರಡು ಹಲ್ಲುಗಳು ತಿರುಗಿವೆ. ಬುದ್ಧಿಹಲ್ಲು ತಳ್ಳಿದ್ದರಿಂದ ಹೀಗಾಯಿತೇ? ಮಳೆಗಾಲದಲ್ಲಿ ಊರಿಂದ ಹೊರಗೆ ಬರುವುದು ಕಷ್ಟವಾದ್ದರಿಂದ, ಅಚ್ಚಿನ ಕಿಟ್ ಕಳುಹಿಸಿ ಅಂಚೆಯಲ್ಲೇ ಅಲೈನರ್ (ಹಲ್ಲು ನೇರ ಮಾಡಲು ಹಾಕಿ ತೆಗೆಯುವ ಪ್ಲಾಸ್ಟಿಕ್ ಕವಚ) ತರಿಸಿಕೊಳ್ಳಬಹುದೇ?
– ಓದುಗರು, ಭಾಗಮಂಡಲ

ಉತ್ತರ: ಬುದ್ಧಿಹಲ್ಲನ್ನು ದೂರಬೇಡಿ. ಅದನ್ನು ತೆಗೆಸಿದವರಲ್ಲಿಯೂ ಕೆಳಗಿನ ಬಾಚಿಹಲ್ಲುಗಳು ವಯಸ್ಸಾದಂತೆ ಒತ್ತಾಗುವುದು ಕಂಡುಬಂದಿದೆ, ಕ್ಲಿಪ್ಪನ್ನೇ ಹಾಕಿಸದವರಲ್ಲಿಯೂ ಹಾಗಾಗುತ್ತದೆ. ತಿರುಗಿದ್ದ ಹಲ್ಲನ್ನು ನೇರ ಮಾಡಿದಾಗ ಮೂಳೆ ಕೆಲವು ತಿಂಗಳಲ್ಲಿ ಗಟ್ಟಿಯಾದರೂ, ಹಲ್ಲಿನ ಕತ್ತನ್ನು ವಸಡಿಗೆ ಬಿಗಿದಿರುವ ನಾರುಗಳು ಹೊಸ ಜಾಗಕ್ಕೆ ಒಗ್ಗಲು ಒಂದು ವರ್ಷವೂ ಹಿಡಿಯಬಹುದು. ಅಲ್ಲಿಯವರೆಗೆ ಅವು ಹಲ್ಲನ್ನು ಹಳೆಯ ಕಡೆಗೇ ಎಳೆಯುತ್ತಿರುತ್ತವೆ, ಆಮೇಲೆಯೂ ವಯಸ್ಸಿನ ಸಹಜ ಚಲನೆ ನಿಲ್ಲುವುದಿಲ್ಲ. ರಿಟೇನರನ್ನು ಎಷ್ಟು ಕಾಲ ಹಾಕಿಕೊಳ್ಳಬೇಕೆಂದರೆ ಹಲ್ಲು ನೇರವಾಗಿ ಇರಬೇಕೆನಿಸುವಷ್ಟು ಕಾಲ. ಇದನ್ನು ಚಿಕಿತ್ಸೆಯ ಮೊದಲ ದಿನವೇ ರೋಗಿಗೆ ಹೇಳಬೇಕು. ಹೇಳದಿದ್ದರೆ ಆ ತಪ್ಪು ರೋಗಿಯದಲ್ಲ.

ಸೀಮಿತ ಚಿಕಿತ್ಸೆ ಅತ್ಯಂತ ಚೆನ್ನಾಗಿ ಹೊಂದುವುದು ನಿಮ್ಮಂಥವರಿಗೇ. ಹಿಂದಿನ ಹಲ್ಲುಗಳು ಮೊದಲೇ ಸರಿಯಾಗಿ ಕೂಡಿವೆ, ಬೇಕಾದ ಜಾಗ ಸ್ವಲ್ಪ, ಕೆಲಸವೂ ಕೆಲವೇ ತಿಂಗಳದ್ದು. ಅಲೈನರ್ ಆದರೂ ಸರಿ, ಆದರೆ ಅಂಚೆಯ ಕಿಟ್ ಬೇಡ. ಯಾರೂ ಬಾಯಿ ನೋಡದೆ, ವಸಡು ಅಳೆಯದೆ, ಎಕ್ಸ್‌ರೇ ಇಲ್ಲದೆ ಹಲ್ಲು ಸರಿಸುವುದನ್ನು ನಾನು ಚಿಕಿತ್ಸೆ ಎಂದು ಕರೆಯಲಾರೆ. ಪಕ್ಕದ ಮೈಯನ್ನು ಉಜ್ಜಬೇಕಾದರೆ ಅಂಚೆಯಲ್ಲಿ ಅದನ್ನು ಮಾಡುವವರು ಯಾರು?

ಮಳೆಯ ತೊಂದರೆಗೆ ಬೇರೆ ದಾರಿಯಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮ ಕಡೆಯ ರಸ್ತೆಗಳು ಯಾವ ದಿನ ಮುಚ್ಚುತ್ತವೆ ಎಂದು ಹೇಳಲಾಗದು. ಬ್ರಾಕೆಟ್ ತಂತಿಯಾದರೆ ತಿಂಗಳಿಗೊಮ್ಮೆ ಹೋಗಬೇಕು, ಅಲೈನರ್ ಆದರೆ ಹಲವು ಜೊತೆಗಳನ್ನು ಒಟ್ಟಿಗೆ ಪಡೆದು ಆರೆಂಟು ವಾರಕ್ಕೊಮ್ಮೆ ತೋರಿಸಿದರೂ ನಡೆಯುತ್ತದೆ. ಆಗುವುದಾದರೆ ಮಳೆ ನಿಂತ ಮೇಲೆ ಆರಂಭಿಸಿ ಬೇಸಗೆಯೊಳಗೆ ಮುಗಿಸುವಂತೆ ವೈದ್ಯರೊಂದಿಗೆ ಮಾತನಾಡಿಕೊಳ್ಳಿ. ಅಲೈನರನ್ನು ದಿನಕ್ಕೆ 20ರಿಂದ 22 ಗಂಟೆ ಹಾಕಿರಬೇಕು. ಬಿಸಿ ಕಾಫಿ ಕುಡಿಯುವಾಗ ತೆಗೆಯಲೇಬೇಕು, ಏಕೆಂದರೆ ಬಿಸಿಗೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಸಕ್ಕರೆ ಬೆರೆತ ಕಾಫಿ ಅದರೊಳಗೆ ನಿಂತರೆ ಹಲ್ಲು ಹುಳುಕಾಗುತ್ತದೆ. ಕೊಡಗಿನ ಮನೆಗಳಲ್ಲಿ ದಿನಕ್ಕೆ ಐದಾರು ಸಲ ಕಾಫಿ ಕುಡಿಯುವುದು ಸಾಮಾನ್ಯವಾದ್ದರಿಂದ, ಕಾಫಿಯನ್ನು ಊಟ ತಿಂಡಿಯ ಹೊತ್ತಿಗೆ ಸೇರಿಸಿಕೊಂಡರೆ ಗಂಟೆಗಳು ಉಳಿಯುತ್ತವೆ.

ಈ ಬಾರಿ ಕೆಲಸ ಮುಗಿದ ಮೇಲೆ ಕೆಳಗಿನ ಹಲ್ಲುಗಳ ಒಳಮೈಗೆ, ಕೋರೆಹಲ್ಲಿನಿಂದ ಕೋರೆಹಲ್ಲಿಗೆ, ತೆಳುವಾದ ತಂತಿಯನ್ನು ಅಂಟಿಸಿಕೊಡಲು ಕೇಳಿ. ಹೊರಗೆ ಕಾಣದು, ತೆಗೆದಿಡುವ ಗೋಜಿಲ್ಲ. ಅದರ ಸುತ್ತ ಕಿಟ್ಟ ಬೇಗ ಕಟ್ಟುವುದರಿಂದ ಸಂದುಗಳಿಗೆ ಹೋಗುವ ಸಣ್ಣ ಬ್ರಷ್ ಬಳಸಿ, ಆರು ತಿಂಗಳಿಗೊಮ್ಮೆ ಶುಚಿ ಮಾಡಿಸಿ. ಪಂದಿಕರಿಯ ಎಲುಬನ್ನು ಮುಂದಿನ ಹಲ್ಲಿನಲ್ಲಿ ಕಡಿಯಬೇಡಿ. ತಂತಿಯ ಒಂದು ತುದಿ ಬಿಟ್ಟುಕೊಂಡರೆ ನೋವೇನೂ ಆಗದಿರುವುದರಿಂದ ತಿಂಗಳುಗಟ್ಟಲೆ ಸುಮ್ಮನಿರುವವರಿದ್ದಾರೆ, ಅಷ್ಟರಲ್ಲಿ ಆ ಹಲ್ಲು ಮತ್ತೆ ತಿರುಗಿರುತ್ತದೆ. ಅದು ಗಮನಕ್ಕೆ ಬಂದ ವಾರದೊಳಗೆ ಹೋಗಿ ಅಂಟಿಸಿಕೊಳ್ಳಿ. ರಸ್ತೆ ಮುಚ್ಚಿದ್ದರೆ ಹೋಗುವವರೆಗೆ ತೆಗೆದಿಡುವ ರಿಟೇನರನ್ನು ರಾತ್ರಿಯೆಲ್ಲ ಹಾಕಿಕೊಳ್ಳಿ. ಅದಕ್ಕಾಗಿ ಅಂಟಿಸಿದ ತಂತಿಯ ಜೊತೆಗೆ ಅಂಥದ್ದೊಂದನ್ನೂ ಮೊದಲೇ ಮಾಡಿಸಿ ಇಟ್ಟುಕೊಂಡಿರಿ.